ತೋಟದ ಕೆರೆಯ ಹಳೇ ಫೈಬರ್ ಬೋಟು: ಬದಿಯ ಪಟ್ಟಿ ತೆಗೆಯುವುದು ಹೇಗೆ? ಮಾಡಿದವರು ಹೇಳಿ

ಕೊಡಗಿನ ಸಿದ್ದಾಪುರದಿಂದ, ಕೇಳುತ್ತಿರುವವರು

ನಮ್ಮ ಹೋಂಸ್ಟೇಗೆ ಬರುವವರಿಗೆ ತೋಟದ ಕೆರೆಯಲ್ಲಿ ಒಂದು ಸುತ್ತು ಹಾಕಿಸೋಣ ಅಂತ ಮಂಗಳೂರು ಕಡೆಯಿಂದ ಹಳೇ ಫೈಬರ್ ಬೋಟ್ ತಂದಿದ್ದೇವೆ. ಮೋಟಾರ್ ಇಲ್ಲ, ಹುಟ್ಟು ಹಾಕುವುದು. ಬೋಟು ಗಟ್ಟಿಮುಟ್ಟಾಗಿದೆ, ಎಲ್ಲೂ ಸೋರುವುದಿಲ್ಲ. ಆದರೆ ಎರಡೂ ಬದಿಯಲ್ಲಿ ಉದ್ದಕ್ಕೂ ಕೆಂಪು ಪಟ್ಟಿ, ಅದರ ಕೆಳಗೆ ಸಣ್ಣದೊಂದು ನೀಲಿ ಪಟ್ಟಿ ಇದೆ. ಕೆಂಪು ಬಿಸಿಲಿಗೆ ಬೆಳ್ಳಗಾಗಿ ಬಿರುಕು ಬಿಟ್ಟಿದೆ. ಉಗುರು ಹಾಕಿ ಕಿತ್ತರೆ ಚೂರುಚೂರಾಗಿ ಬರುತ್ತದೆ, ಅಂಟು ಅಲ್ಲೇ ಉಳಿಯುತ್ತದೆ. ಒಬ್ಬರು ಥಿನ್ನರ್ ಹಾಕಿ ಉಜ್ಜಿ ಅಂದರು, ಇನ್ನೊಬ್ಬರು ಗ್ರೈಂಡರ್ ಹಿಡಿಸಿಬಿಡಿ ಅಂದರು. ಎರಡಕ್ಕೂ ಧೈರ್ಯ ಬರುತ್ತಿಲ್ಲ. ಕಾಫಿ ಹೂ ಅರಳಿಸುವ ಹೂಮಳೆಗೆ ಮುಂಚೆ ಸ್ಪ್ರಿಂಕ್ಲರ್‌ಗೆ ನೀರೆತ್ತುವಾಗ ಕೆರೆ ಅರ್ಧಕ್ಕಿಳಿಯುತ್ತದೆ, ಬೋಟು ಹೇಗೂ ದಡದಲ್ಲಿರುತ್ತದೆ. ಆಗ ಮಾಡಿ ಮುಗಿಸಬೇಕು ಅಂತಿದ್ದೇನೆ. ಹೊಸ ಪಟ್ಟಿ ಅಂಟಿಸುವುದೋ, ಪೇಂಟ್ ಹೊಡೆಸುವುದೋ ಅದನ್ನೂ ಹೇಳಿ.

ಮಡಿಕೇರಿಯಿಂದ, ರೇಡಿಯಂ ಸ್ಟಿಕ್ಕರ್ ಕೆಲಸದವರು

ಅಣ್ಣ, ಗ್ರೈಂಡರ್ ಮಾತ್ರ ಹತ್ತಿರ ತರಬೇಡಿ. ಫೈಬರ್ ಬೋಟಿನ ಹೊಳಪು, ಬಣ್ಣ ಎಲ್ಲ ಇರುವುದು ಜೆಲ್‌ಕೋಟ್ ಅನ್ನುವ ಮೇಲ್ಪದರದಲ್ಲಿ. ಅದು ಸಾಮಾನ್ಯವಾಗಿ ಅರ್ಧ ಮಿಲಿಮೀಟರ್ ಆಸುಪಾಸು ದಪ್ಪ, ಅಷ್ಟೇ. ಅದು ಸವೆದರೆ ಒಳಗಿನ ಗ್ಲಾಸ್ ನಾರು ಹೊರಗೆ ಕಾಣುತ್ತದೆ, ನೀರು ಒಳಗೆ ಇಳಿಯಲು ದಾರಿಯಾಗುತ್ತದೆ. ಅಂಟು ತೆಗೆಯಲು ಹೋಗಿ ಬೋಟನ್ನೇ ಕಳೆದುಕೊಂಡ ಹಾಗೆ.

ಕೆಲಸಕ್ಕೆ ಕೈ ಹಾಕುವ ಮುಂಚೆ ಒಂದು ಪರೀಕ್ಷೆ ಇದೆ. ಕಣ್ಣು ಮುಚ್ಚಿ ಪಟ್ಟಿಯ ಅಂಚಿನ ಮೇಲೆ ಉಗುರು ಓಡಿಸಿ. ಮೆಟ್ಟಿಲು ಸಿಕ್ಕಿದರೆ ಅದು ಸ್ಟಿಕ್ಕರ್ ಅಥವಾ ಪೇಂಟು. ಏನೂ ಸಿಗದೆ ಉಗುರು ಜಾರಿಕೊಂಡು ಹೋದರೆ ಅದು ಅಚ್ಚಿನಲ್ಲೇ ಬಣ್ಣದ ಜೆಲ್‌ಕೋಟ್ ಹಚ್ಚಿ ಮಾಡಿದ ಪಟ್ಟಿ, ಬೋಟಿನ ಮೈಯೇ ಅದು. ಅದನ್ನು ತೆಗೆಯುವ ಮಾತೇ ಇಲ್ಲ, ಪಾಲಿಶ್ ಮಾಡಬಹುದು ಇಲ್ಲವೇ ಮುಚ್ಚಬಹುದು. ನಿಮ್ಮ ಕೆಂಪು ಪಟ್ಟಿ ಸ್ಟಿಕ್ಕರ್ ಅನ್ನುವುದರಲ್ಲಿ ಅನುಮಾನ ಇಲ್ಲ, ನೀವು ಹೇಳಿದ ಲಕ್ಷಣ ಅದೇ. ನೀಲಿಯದನ್ನು ಬೇರೆಯಾಗಿ ನೋಡಿ. ಒಂದೇ ಬೋಟಿನಲ್ಲಿ ಎರಡು ಥರದ್ದೂ ಇರುತ್ತವೆ.

ಸ್ಟಿಕ್ಕರ್ ಚೂರುಚೂರಾಗುವುದಕ್ಕೆ ಕಾರಣ ಇದೆ. ಸ್ಟಿಕ್ಕರಿನ ಪ್ಲಾಸ್ಟಿಕ್ ಹಾಳೆ, ಅಂದರೆ ವಿನೈಲ್, ಮೆತ್ತಗಿರಲಿ ಅಂತ ಅದಕ್ಕೆ ಪ್ಲಾಸ್ಟಿಸೈಸರ್ ಸೇರಿಸಿರುತ್ತಾರೆ. ವರ್ಷಗಟ್ಟಲೆ ಬಿಸಿಲಿಗೆ ಅದು ಹೋಗಿಬಿಡುತ್ತದೆ, ಹಾಳೆ ಬಿರುಸಾಗಿ ಕುಗ್ಗುತ್ತದೆ, ಸೀಳು ಬಿಡುತ್ತದೆ. ಅದಕ್ಕೇ ಬಿಸಿ ಬೇಕು. ಹೇರ್ ಡ್ರೈಯರ್ ಇದ್ದರೆ ಸಾಕು. ಹೀಟ್ ಗನ್ ತಂದರೆ ಕಡಿಮೆ ಸೆಟ್ಟಿಂಗ್‌ನಲ್ಲೇ ಇಡಿ, ಅದರ ಗಾಳಿ ಹೆಚ್ಚಿನ ಸೆಟ್ಟಿಂಗ್‌ನಲ್ಲಿ 500 ಡಿಗ್ರಿ ದಾಟುವುದುಂಟು. ಒಂದೇ ಕಡೆ ನಿಲ್ಲಿಸಬೇಡಿ. ಬಿಸಿ ಮಾಡಿದ ಜಾಗದ ಮೇಲೆ ಅಂಗೈ ಇಟ್ಟು ನೋಡಿ, ಇಟ್ಟುಕೊಂಡಿರಲು ಆಗಬೇಕು. ಕೈ ತೆಗೆಯಬೇಕು ಅನ್ನಿಸಿದರೆ ಜಾಸ್ತಿಯಾಯಿತು: ಜೆಲ್‌ಕೋಟ್ ಹಳದಿಗೆ ತಿರುಗಬಹುದು, ಗುಳ್ಳೆ ಏಳಬಹುದು. ಸ್ಟಿಕ್ಕರ್ ಕೂಡ ಅತಿ ಬಿಸಿಗೆ ರಬ್ಬರಿನ ಥರ ಎಳೆದುಕೊಂಡು ಹರಿಯುತ್ತದೆ.

ಒಂದು ತುದಿಯಿಂದ ಶುರು ಮಾಡಿ. ಒಂದು ಗೇಣು ಬಿಸಿ ಮಾಡಿ ತುದಿಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಎಬ್ಬಿಸಿ. ಹಳೇ ಎಟಿಎಂ ಕಾರ್ಡ್ ಆದರೂ ಆದೀತು, ಕಬ್ಬಿಣದ ಬ್ಲೇಡ್ ಬೇಡ. ಎದ್ದ ತುದಿಯನ್ನು ನಿಮ್ಮ ಎದೆಯ ಕಡೆಗೆ ಎಳೆಯಬೇಡಿ. ಬಂದ ದಾರಿಗೇ ಹಿಂದಕ್ಕೆ ಮಡಚಿ, ಬೋಟಿನ ಮೈಗೆ ಒರೆಸಿಕೊಂಡು ಹೋಗುವ ಹಾಗೆ ನಿಧಾನ ಎಳೆಯಿರಿ. ನಿಧಾನ ಅಂದರೆ ನಿಜಕ್ಕೂ ನಿಧಾನ. ಅವಸರ ಮಾಡಿದರೆ ಹಾಳೆ ಬರುತ್ತದೆ, ಅಂಟು ಉಳಿಯುತ್ತದೆ. ಸರಿಯಾದ ವೇಗದಲ್ಲಿ ಎಳೆದರೆ ಅಂಟು ಹಾಳೆಯ ಜೊತೆಗೇ ಸಣ್ಣಗೆ ಚರಚರ ಸದ್ದು ಮಾಡುತ್ತಾ ಎದ್ದು ಬರುತ್ತದೆ. ಆ ಸದ್ದು ನಿಂತು ಹಾಳೆ ಬಿಳಿಚಿಕೊಂಡರೆ ಮತ್ತೆ ಬಿಸಿ ಕೊಡಿ.

ಇಷ್ಟಾದರೂ ಬಾರದ ಜಾಗ ಇದ್ದೇ ಇರುತ್ತದೆ. ಅದಕ್ಕೆ ಡ್ರಿಲ್ ಮೆಷಿನ್‌ಗೆ ಹಾಕುವ ರಬ್ಬರ್ ವೀಲ್ ಸಿಗುತ್ತದೆ, ಕಾರಿನ ಸ್ಟಿಕ್ಕರ್ ತೆಗೆಯಲು ಬಳಸುವುದು. ಪೆನ್ಸಿಲ್ ಅಳಿಸುವ ರಬ್ಬರಿನಂತೆ ತಾನೂ ಸವೆದು ಸ್ಟಿಕ್ಕರನ್ನೂ ಅಂಟನ್ನೂ ಉಜ್ಜಿ ತೆಗೆಯುತ್ತದೆ. ಇದನ್ನು ಡ್ರಿಲ್‌ಗೇ ಹಾಕಬೇಕು, ಗ್ರೈಂಡರ್‌ಗೆ ಹಾಕಲೇಬಾರದು. ಇಂಥ ವೀಲುಗಳ ಮೇಲೆ ನಿಮಿಷಕ್ಕೆ 4000 ಸುತ್ತು ಮೀರಬಾರದು ಅನ್ನುವಂಥ ಮಿತಿ ಬರೆದಿರುತ್ತದೆ, ಸಣ್ಣ ಗ್ರೈಂಡರ್ ಓಡುವುದು 11,000ದ ಹತ್ತಿರ. ವೀಲ್ ಸಿಡಿದು ಮುಖಕ್ಕೆ ಬರುತ್ತದೆ. ಡ್ರಿಲ್ ಆದರೂ ಕನ್ನಡಕ ಹಾಕಿ, ಒತ್ತಬೇಡಿ, ಕೈ ಆಡಿಸುತ್ತಿರಿ.

ಗೋಣಿಕೊಪ್ಪದಿಂದ, ಜೀಪು ಪೇಂಟಿಂಗ್ ಗ್ಯಾರೇಜಿನವರು

ಮೇಲಿನವರು ಬಿಸಿಯ ವಿಷಯ ಸರಿಯಾಗಿ ಹೇಳಿದ್ದಾರೆ. ಅಂಟಿನ ವಿಷಯ ನಾನು ಹೇಳುತ್ತೇನೆ, ಬೋಟು ಹಾಳಾಗುವುದು ಅಲ್ಲೇ.

ನಿಮ್ಮ ಬೋಟಿಗೆ ಮೊದಲಿನವರು ಮೇಲಿಂದ ಪೇಂಟ್ ಹೊಡೆಸಿದ್ದಾರೋ ಇಲ್ಲವೋ ನಿಮಗೆ ಗೊತ್ತಿಲ್ಲ. ಕಾಣದ ಜಾಗದಲ್ಲಿ, ಹಿಂಬದಿಯ ಮೂಲೆಯಲ್ಲೋ ಕೂರುವ ಹಲಗೆಯ ಅಡಿಯಲ್ಲೋ, ಬಿಳಿ ಬಟ್ಟೆಗೆ ಸ್ವಲ್ಪ ಥಿನ್ನರ್ ಹಾಕಿ ಒರೆಸಿ. ಬಟ್ಟೆಗೆ ಬಣ್ಣ ಹತ್ತಿದರೆ, ಮೈ ಜಿಗಿಯಾದರೆ, ಅದು ಸಾದಾ ಎನಾಮೆಲ್ ಥರದ ಪೇಂಟು. ಅಂಥದ್ದಕ್ಕೆ ಥಿನ್ನರ್, ಅಸಿಟೋನ್ ಎರಡೂ ಬೇಡ, ಪಟ್ಟಿಯ ಜೊತೆ ಪೇಂಟೂ ಕಿತ್ತು ಬರುತ್ತದೆ. ಬಟ್ಟೆ ಸ್ವಚ್ಛವಾಗಿದ್ದರೆ ಜೆಲ್‌ಕೋಟ್ ಅಥವಾ ಗಟ್ಟಿಯಾಗಲು ಹಾರ್ಡ್‌ನರ್ ಬೆರೆಸಿದ ಪೇಂಟು ಅಂತ ತಿಳಿಯಬಹುದು. ಆಗಲೂ ನೀವು ಮೊದಲು ಮೆದುವಾದದ್ದನ್ನೇ ನೋಡಿ: ಸೀಮೆಎಣ್ಣೆ ಇಲ್ಲವೇ ಟರ್ಪೆಂಟೈನ್ ಬಟ್ಟೆಗೆ ಹಾಕಿ ಅಂಟಿನ ಮೇಲೆ ಐದು ನಿಮಿಷ ಹರಡಿಡಿ. ಅಂಟು ಊದಿ ಉಂಡೆಯಾಗುತ್ತದೆ, ಪ್ಲಾಸ್ಟಿಕ್ ಪಟ್ಟಿಯಲ್ಲಿ ಬಳಿದು ತೆಗೆಯಿರಿ. ಒಣ ಅಂಟನ್ನು ಉಜ್ಜುತ್ತಾ ಕೂತರೆ ಅದು ಮೈಗೆಲ್ಲ ಮೆತ್ತಿಕೊಳ್ಳುತ್ತದೆ ಅಷ್ಟೆ. ಕೊನೆಗೆ ಎಣ್ಣೆ ಪಸೆ ಹೋಗಲು ಸೋಪಿನ ನೀರು, ಆಮೇಲೆ ಐಸೋಪ್ರೊಪೈಲ್ ಸ್ಪಿರಿಟ್.

ಇನ್ನು ಪಟ್ಟಿ ಹೋದ ಮೇಲೆ ಒಂದು ವಿಷಯ ನಿಮ್ಮನ್ನು ಕಂಗೆಡಿಸುತ್ತದೆ, ಈಗಲೇ ಹೇಳಿಬಿಡುತ್ತೇನೆ. ಪಟ್ಟಿ ಇದ್ದ ಜಾಗ ಹೊಸ ಬೋಟಿನಂತೆ ಬಿಳಿಯಾಗಿ ಹೊಳೆಯುತ್ತದೆ, ಸುತ್ತಲಿನದು ಮಂಕಾಗಿರುತ್ತದೆ. ಪಟ್ಟಿಯ ಅಡಿಯಲ್ಲಿದ್ದ ಜೆಲ್‌ಕೋಟ್‌ಗೆ ಬಿಸಿಲು ತಾಗಿಲ್ಲ, ಹೊರಗಿನದು ಪುಡಿಪುಡಿಯಾಗಿದೆ, ಅದಕ್ಕೆ. ಅಂದರೆ ಕೆಲಸ ಮಾಡಬೇಕಾದ್ದು ಸುತ್ತಲಿನ ಮಂಕು ಮೈ ಮೇಲೆ, ಪಟ್ಟಿಯ ಜಾಗದ ಮೇಲಲ್ಲ. ಮೊದಲು ರಬ್ಬಿಂಗ್ ಕಾಂಪೌಂಡ್ (ಉಜ್ಜಿ ಹೊಳಪು ಬರಿಸುವ ಪೇಸ್ಟ್) ಹಾಕಿ ಬಫ್ ಮಾಡಿ. ಸಾಲದಿದ್ದರೆ 1000, 1500, 2000 ನಂಬರಿನ ವಾಟರ್ ಪೇಪರ್ ಅನುಕ್ರಮವಾಗಿ, ನೀರು ಬಿಡುತ್ತಾ, ಮರದ ತುಂಡಿಗೆ ಸುತ್ತಿಕೊಂಡು ಉಜ್ಜಿ, ಮತ್ತೆ ಕಾಂಪೌಂಡ್. ಏಣಿನ ಮೇಲೆ ಜೆಲ್‌ಕೋಟ್ ಬೇಗ ಸವೆಯುತ್ತದೆ, ಅಲ್ಲಿ ಕೈ ಹಗುರ ಇರಲಿ. ಹೀಗೆ ಮಾಡಿದರೆ ವ್ಯತ್ಯಾಸ ಬಹಳ ಕಮ್ಮಿಯಾಗುತ್ತದೆ. ಪೂರ್ತಿ ಹೋಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ, ಓರೆ ಬಿಸಿಲಿನಲ್ಲಿ ಗೆರೆ ಕಾಣುತ್ತಲೇ ಇರುತ್ತದೆ.

ಪೇಂಟಾ, ಸ್ಟಿಕ್ಕರಾ ಅಂದರೆ ನನ್ನ ಮತ ಪೇಂಟಿಗೆ. ಪಿಯು (ಪಾಲಿಯುರೆಥೇನ್) ಪೇಂಟಿನ ಪಟ್ಟಿಗೆ ಅಂಚು ಏಳುವ ಭಯ ಇಲ್ಲ, ಮಳೆಗಾಲ ಕಳೆದರೂ ಹಾಗೇ ಇರುತ್ತದೆ. ಆದರೆ ಬೋಟಿಗೆ ಹಿಂದೆ ಹಚ್ಚಿದ ವ್ಯಾಕ್ಸ್ ಒಂದು ಚೂರು ಉಳಿದಿದ್ದರೂ ಪೇಂಟು ಮೀನಿನ ಕಣ್ಣಿನ ಥರ ಗುಳಿಗುಳಿ ಬೀಳುತ್ತದೆ. ಮೊದಲು ವ್ಯಾಕ್ಸ್ ತೆಗೆದು, 320ರ ಪೇಪರ್‌ನಲ್ಲಿ ಮಂಕು ಮಾಡಿ, ಮಾಸ್ಕಿಂಗ್ ಟೇಪ್ ಹಾಕಿ. ಹೊಡೆಯುವವರು ಅನುಭವಸ್ಥರಾಗಿರಲಿ. ಪಿಯು ಹಾರ್ಡ್‌ನರಿನಲ್ಲಿ ಐಸೋಸಯನೇಟ್ ಅನ್ನುವ, ಉಸಿರಿಗೆ ಕೆಟ್ಟ ರಾಸಾಯನಿಕ ಇರುತ್ತದೆ, ಸ್ಪ್ರೇ ಮಾಡುವಾಗ ಮುಖಕ್ಕೆ ಟವೆಲ್ ಕಟ್ಟಿಕೊಂಡರೆ ಏನೂ ಪ್ರಯೋಜನವಿಲ್ಲ. ಈ ಕೆಲಸದಲ್ಲಿ ಶ್ವಾಸಕೋಶ ಹಾಳು ಮಾಡಿಕೊಂಡವರನ್ನು ನೋಡಿದ್ದೇನೆ. ಮನೆಯವರೇ ಮಾಡುವುದಾದರೆ ಬ್ರಷ್‌ನಲ್ಲಿ ಹಚ್ಚಿ, ಬಯಲಿನಲ್ಲಿ.

ಸುಂಟಿಕೊಪ್ಪದಿಂದ, ತೋಟದವರು

ಬೋಟಿನ ಬಗ್ಗೆ ನನಗೆ ಇಷ್ಟೆಲ್ಲ ಗೊತ್ತಿಲ್ಲ, ಆದರೆ ನೀವು ಹೇಳಿದ ಸಮಯ ನೋಡಿ ಬರೆಯುತ್ತಿದ್ದೇನೆ. ಆಗ ರೋಬಸ್ಟಾ ಕಣದಲ್ಲಿ ಒಣಗುತ್ತಿರುತ್ತದೆ ಅಲ್ವಾ? ಕಣ ಸಿಮೆಂಟಿನದು, ಸಮತಟ್ಟು ಅಂತ ಬೋಟನ್ನು ಅಲ್ಲಿಗೆ ಎಳೆಯಬೇಡಿ. ಸೀಮೆಎಣ್ಣೆ, ಥಿನ್ನರ್ ವಾಸನೆಯನ್ನು ಕಾಫಿ ಬೇಗ ಹಿಡಿದುಕೊಳ್ಳುತ್ತದೆ, ಆ ಲಾಟೇ ಕೆಟ್ಟ ಹಾಗೆ. ಗೋದಾಮಿನ ಹತ್ತಿರವೂ ಬೇಡ. ಕೆರೆಯಲ್ಲಿ ಮೀನು ಬಿಟ್ಟಿದ್ದರೆ ದಡದಲ್ಲೂ ಬೇಡ, ಒರೆಸಿದ ಬಟ್ಟೆ, ಅಂಟಿನ ಉಂಡೆ, ವಿನೈಲ್ ಚೂರು ಎಲ್ಲ ನೀರಿಗೆ ಹೋಗುತ್ತವೆ. ಕೆಳಗೆ ಟಾರ್ಪಾಲ್ ಹಾಸಿ ಮಾಡಿಸಿ. ಹತ್ತಿರದಲ್ಲಿ ಬೀಡಿ ಸೇದುವವರು ಇರದಂತೆ ನೋಡಿಕೊಳ್ಳಿ, ಅಸಿಟೋನ್ ಆವಿ ನಮ್ಮ ಚಳಿಯಲ್ಲೂ ಹೊತ್ತಿಕೊಳ್ಳುತ್ತದೆ.

ಕುಶಾಲನಗರದಿಂದ

ಇದನ್ನು ಓದಿ ಯಾರಾದರೂ ರಾಫ್ಟಿಗೂ ಹೀಗೇ ಮಾಡಬಹುದು ಅಂದುಕೊಂಡಾರು, ಅದಕ್ಕೆ ಹೇಳುತ್ತಿದ್ದೇನೆ. ದುಬಾರೆ, ಬರಪೊಳೆಯಲ್ಲಿ ಓಡುವ ಗಾಳಿ ತುಂಬಿದ ರಾಫ್ಟಿಗೆ ಹೀಟ್ ಗನ್ ಹಿಡಿಯಬೇಡಿ. ಅದರ ಜೋಡಣೆಗಳೇ ಎಷ್ಟೋ ಕಡೆ ಅಂಟಿನ ಮೇಲೆ ನಿಂತಿರುತ್ತವೆ, ಬಿಸಿಗೂ ಥಿನ್ನರಿಗೂ ಸಡಿಲವಾಗುತ್ತವೆ. ಇನ್ನೊಂದು, ಮೋಟಾರ್ ಬೋಟ್ ಇರುವವರು ಪಟ್ಟಿಯ ಜೊತೆ ನೋಂದಣಿ ಸಂಖ್ಯೆ ಕಿತ್ತಿದ್ದರೆ ಅದನ್ನು ಮತ್ತೆ ಹಾಕಿಯೇ ನೀರಿಗಿಳಿಸಿ.

ಸಿದ್ದಾಪುರದಿಂದ ಮತ್ತೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಒಂದು ಬದಿ ಮುಗಿಯಿತು. ಬೋಟನ್ನು ಜೀಪಿನ ಶೆಡ್ಡಿಗೆ ತಂದು ಟಾರ್ಪಾಲ್ ಹಾಸಿ ಮಾಡಿದೆವು. ಥಿನ್ನರ್ ಪರೀಕ್ಷೆಯಲ್ಲಿ ಬಟ್ಟೆ ಸ್ವಚ್ಛ. ಉಗುರು ಓಡಿಸಿದಾಗ ಕೆಂಪಿನಲ್ಲಿ ಮೆಟ್ಟಿಲು ಸಿಕ್ಕಿತು, ನೀಲಿಯಲ್ಲಿ ಸಿಗಲೇ ಇಲ್ಲ! ಅದು ಅಚ್ಚಿನದ್ದೇ. ಮೊದಲೇ ಹೇಳದಿದ್ದರೆ ಹುಡುಗರು ಅದನ್ನೂ ಉಜ್ಜುತ್ತಿದ್ದರು. ಕೆಂಪು ಪಟ್ಟಿ ಶೆಡ್ಡಿನ ಕಡೆ ಇದ್ದ ಹಿಂಭಾಗದಲ್ಲಿ ಹೇರ್ ಡ್ರೈಯರಿಗೇ ಉದ್ದುದ್ದ ಎದ್ದು ಬಂತು, ನೀವು ಹೇಳಿದ ಚರಚರ ಸದ್ದಿನ ಸಮೇತ. ಮೂತಿಯ ಹತ್ತಿರ ಬಿಸಿಲು ಜಾಸ್ತಿ ತಿಂದ ಭಾಗ ಮಾತ್ರ ಬಿಸಿಗೂ ಬಗ್ಗಲಿಲ್ಲ, ಅದಕ್ಕೆ ರಬ್ಬರ್ ವೀಲ್ ತರಿಸಬೇಕಾಯಿತು. ಅಂಟಿಗೆ ಸೀಮೆಎಣ್ಣೆ ಸಾಕಾಯಿತು, ಅಸಿಟೋನ್ ಡಬ್ಬಿ ತೆರೆಯಲೇ ಇಲ್ಲ.

ಗೋಣಿಕೊಪ್ಪದವರು ಹೇಳಿದ ಬಿಳಿ ಗೆರೆ ನಿಜಕ್ಕೂ ಇದೆ. ಬಫ್ ಮಾಡಿದ ಮೇಲೆ ಹತ್ತಿರದಿಂದ ನೋಡಿದರೆ ಮಾತ್ರ ಕಾಣುತ್ತದೆ, ಆದರೆ ಕಾಣುತ್ತದೆ. ಪೇಂಟಿನ ಗೊಡವೆ ನಮಗೆ ಬೇಡ ಅನ್ನಿಸಿದೆ. ಹೊಸ ಸ್ಟಿಕ್ಕರ್ ಹಾಕುವುದಾದರೆ ಎಂಥದ್ದು, ಎಷ್ಟು ಅಗಲ, ಹೇಗೆ?

ಮಡಿಕೇರಿಯಿಂದ

ಒಳ್ಳೆಯದಾಯಿತು ಅಣ್ಣ. ಹಳೇ ಪಟ್ಟಿಗಿಂತ ಮೇಲೆ ಕೆಳಗೆ ಅರ್ಧರ್ಧ ಸೆಂಟಿಮೀಟರ್ ಅಗಲ ಮಾಡಿ, ಗೆರೆ ಪೂರ್ತಿ ಮುಚ್ಚಿಹೋಗುತ್ತದೆ. ಅಂಗಡಿಯಲ್ಲಿ ಕೇಳುವಾಗ ಕಾಸ್ಟ್ ವಿನೈಲ್ ಅಂತಲೇ ಕೇಳಿ. ಅದು 50 ಮೈಕ್ರಾನ್ ಆಸುಪಾಸು ತೆಳು, ಬಾಗಿದ ಮೈಗೆ ಕೂರುತ್ತದೆ, ಕುಗ್ಗುವುದು ಬಹಳ ಕಮ್ಮಿ. ಬೋರ್ಡಿಗೆ ಹಾಕುವ ಅಗ್ಗದ ಕ್ಯಾಲೆಂಡರ್ಡ್ ವಿನೈಲ್ ಮೊದಲ ವರ್ಷ ಚೆನ್ನಾಗಿ ಕಾಣುತ್ತದೆ, ಆಮೇಲೆ ಕುಗ್ಗಿ ಅಂಚಿನಲ್ಲಿ ಕಪ್ಪು ಅಂಟಿನ ಗೆರೆ ಬಿಡುತ್ತದೆ. ದುಡ್ಡು ಉಳಿಸುವ ಜಾಗ ಇದಲ್ಲ.

ಬೆಳಗ್ಗೆ ಬೇಗ ಶುರು ಮಾಡಬೇಡಿ. ಇಬ್ಬನಿಯ ಪಸೆ ಬೋಟಿನ ಮೈ ಮೇಲೆ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ಹತ್ತು ಗಂಟೆ ದಾಟಲಿ, ಆದರೆ ನೆರಳಿನಲ್ಲೇ. ಬಿಸಿಲಿಗೆ ಕಾದ ಮೈಗೆ ಅಂಟು ಮುಟ್ಟಿದ ತಕ್ಷಣ ಹಿಡಿದುಬಿಡುತ್ತದೆ, ತಿದ್ದಲು ಆಗುವುದಿಲ್ಲ. ಕಕ್ಕಡದ, ಅಂದರೆ ಜುಲೈ-ಆಗಸ್ಟ್‌ನ, ಮಳೆಯಲ್ಲಂತೂ ಈ ಕೆಲಸ ಯಾರೂ ಮಾಡಬೇಡಿ. ಅಂಟಿಸುವ ಜಾಗವನ್ನು ಸ್ಪಿರಿಟ್‌ನಲ್ಲಿ ಒರೆಸಿ, ಅಲ್ಲಿಗೆ ವ್ಯಾಕ್ಸ್ ಹಚ್ಚಬೇಡಿ.

ಮಾಸ್ಕಿಂಗ್ ಟೇಪಿನಲ್ಲಿ ಮೊದಲು ಗೆರೆ ಹಾಕಿ ಹತ್ತು ಹೆಜ್ಜೆ ಹಿಂದೆ ಹೋಗಿ ನೋಡಿ. ಬೋಟಿನ ಅಂಚು ಮೂತಿಯ ಕಡೆ ಮೇಲಕ್ಕೆ ಬಾಗಿರುತ್ತದೆ, ಸ್ಕೇಲಿನ ಲೆಕ್ಕ ಸರಿ ಇದ್ದರೂ ಕಣ್ಣಿಗೆ ಸೊಟ್ಟ ಕಾಣಬಹುದು. ಕಣ್ಣಿನ ಮಾತೇ ಕೇಳಿ. ಅಗಲ ಪಟ್ಟಿಯಾದ್ದರಿಂದ ನೀರಿಗೆ ಎರಡು ಹನಿ ಶಾಂಪೂ ಹಾಕಿ ಮೈ ಮೇಲೂ ಅಂಟಿನ ಮೇಲೂ ಚಿಮುಕಿಸಿ ಕೂರಿಸಿ, ಜಾಗ ಸರಿ ಮಾಡಲು ಅವಕಾಶ ಸಿಗುತ್ತದೆ. ಇಬ್ಬರು ಬೇಕು. ಒಬ್ಬರು ಹಿಡಿದುಕೊಳ್ಳಬೇಕೇ ಹೊರತು ಎಳೆಯಬಾರದು, ಎಳೆದು ಅಂಟಿಸಿದ್ದು ಬಿಸಿಲಿಗೆ ಮತ್ತೆ ಕುಗ್ಗಿ ತುದಿ ಬಿಡುತ್ತದೆ. ನಡುವಿನಿಂದ ಅಂಚಿಗೆ ಸ್ಕ್ವೀಜಿ (ನೀರು ಬಳಿಯುವ ಪಟ್ಟಿ) ಎಳೆದು ನೀರು ಹೊರಗೆ ಹಾಕಿ, ಉಳಿದ ಗುಳ್ಳೆಗೆ ಸೂಜಿ ಚುಚ್ಚಿ ಒತ್ತಿ.

ಒಂದೇ ಉದ್ದ ಸಿಗದೆ ಜೋಡಿಸಬೇಕಾದರೆ ಹಿಂದಿನ ತುಂಡನ್ನು ಮೊದಲು ಅಂಟಿಸಿ, ಮುಂದಿನದರ ತುದಿ ಅದರ ಮೇಲೆ ಎರಡು ಸೆಂಟಿಮೀಟರ್ ಬರಲಿ. ಬೋಟು ಮುಂದೆ ಹೋಗುವಾಗ ನೀರು ಜೋಡಣೆಯ ಅಡಿಗೆ ನುಗ್ಗುವುದಿಲ್ಲ. ತುದಿಗಳ ಮೂಲೆ ಚೂಪಾಗಿ ಬಿಡದೆ ದುಂಡಗೆ ಕತ್ತರಿಸಿ. ನೀರು ಹಾಕಿ ಅಂಟಿಸಿದ್ದಕ್ಕೆ ಒಂದೆರಡು ದಿನ ಶೆಡ್ಡಿನಲ್ಲೇ ಬಿಟ್ಟು ಆಮೇಲೆ ಕೆರೆಗೆ ಇಳಿಸಿ. ನೀಲಿ ಗೆರೆಗೆ ಕಾಂಪೌಂಡ್ ಹಾಕಿ ಹೊಳಪು ಬರಿಸಿ, ಅದರ ಬಣ್ಣ ನೋಡಿದ ಮೇಲೆ ಕೆಂಪೋ ಹಸಿರೋ ತೀರ್ಮಾನ ಮಾಡಿ. ಉಳಿದ ವಿನೈಲ್ ತುಂಡನ್ನು ಸುರುಳಿ ಸುತ್ತಿ ಎತ್ತಿಡಿ, ದಡಕ್ಕೆ ತಾಗಿ ಹರಿದಾಗ ಅದೇ ಬಣ್ಣದ ತೇಪೆ ಬೇಕಾಗುತ್ತದೆ.