ಸ್ನಾಯು ಅಳೆಯುವ ಯಂತ್ರ: ಫಿಸಿಯೋ ಮೇಡಂಗೆ ಪ್ರಶ್ನೆಗಳು

ಸಾಗರದ ಓಟಗಾರ: ಮೇಡಂ, ಜಿಮ್ಮಿನ ಮಷೀನಿನ ಮೇಲೆ ನಿಂತೆ. ಒಂದೇ ದಿನದಲ್ಲಿ ಒಂದೂವರೆ ಕೆಜಿ ಸ್ನಾಯು ಕಡಿಮೆ ತೋರಿಸ್ತು. ಹೀಗೂ ಆಗುತ್ತಾ?

ಫಿಸಿಯೋ: ಆಗಲ್ಲ. ಅದು ಸ್ನಾಯುವನ್ನು ತೂಗುವುದಿಲ್ಲ. ಸಣ್ಣ ಕರೆಂಟ್ ಹರಿಸಿ, ಮೈ ಒಡ್ಡುವ ತಡೆ ನೋಡಿ ಲೆಕ್ಕ ಕಟ್ಟುತ್ತದೆ. ಬೆವರು ಸುರಿಸಿ ಬಂದು ನಿಂತರೆ ಲೆಕ್ಕ ತಪ್ಪುತ್ತದೆ.

ಹೊಸನಗರದ ರೈಡರ್: ತಮ್ಮನಿಗೆ 17 ವರ್ಷ. ಮೊನ್ನೆ ಕಬಡ್ಡಿಯಲ್ಲಿ ಎದುರಾಳಿಯ ಮಂಡಿ ತೊಡೆಗೆ ಬಡಿಯಿತು. ಊದಿದೆ, ಕಾಲು ಅರ್ಧವೂ ಮಡಚಲು ಬರ್ತಿಲ್ಲ. ಪಟ್ಟಿ ಅಂಟಿಸಿ ಕರೆಂಟ್ ಬಿಟ್ಟು ನೋಡಿದವರು ಆ ತೊಡೆಯ ಫೇಸ್ ಆಂಗಲ್ ಕಡಿಮೆ ಅಂದರು. ದಿನಾ ಬಿಸಿ ಎಣ್ಣೆ ಹಾಕಿ ತಿಕ್ಕುತ್ತಿದ್ದೇವೆ. ಭಾನುವಾರ ಟೂರ್ನಮೆಂಟ್ ಇದೆ.

ಫಿಸಿಯೋ: ತಿಕ್ಕೋದು ಈಗಲೇ ನಿಲ್ಲಿಸಿ. ಇನ್ನು ಆ ಅಳತೆ: ತೊಡೆಗೆ ಅಂಟಿಸಿದ ಪಟ್ಟಿಗಳಲ್ಲಿ ಹೊರಗಿನ 2 ಕರೆಂಟ್ ಕಳಿಸುತ್ತವೆ, ಒಳಗಿನ 2 ವೋಲ್ಟೇಜ್ ಅಳೆಯುತ್ತವೆ. ಕರೆಂಟ್ 1 ಮಿಲಿಆಂಪಿಯರ್‌ಗಿಂತ ಕಡಿಮೆ, ಶಾಕ್ ಹೊಡೆಯಲ್ಲ. ಸ್ನಾಯುವಿನ ಕೋಶದ ಪೊರೆ ಹರಿಯದೆ ಇದ್ದರೆ ವೋಲ್ಟೇಜ್ ಕರೆಂಟಿಗಿಂತ ಚೂರು ಹಿಂದೆ ಬೀಳುತ್ತದೆ. ಆ ಅಂತರವೇ ಫೇಸ್ ಆಂಗಲ್. ಪೊರೆ ಹರಿದು ನೀರು ತುಂಬಿದರೆ ಅದು ಇಳಿಯುತ್ತದೆ. ಹಾಗಾಗಿ ಅವರು ಹೇಳಿದ್ದು ಸರಿ ಇರಬಹುದು. ಆದರೆ ಒಳಗೆ ರಕ್ತ ಎಲ್ಲಿ, ಎಷ್ಟು ನಿಂತಿದೆ ಅಂತ ಆ ನಂಬರ್ ಹೇಳಲ್ಲ. ಅದಕ್ಕೆ ಅಲ್ಟ್ರಾಸೌಂಡ್ ಬೇಕು. ಇಂಥ ಪೆಟ್ಟನ್ನು ಬಿಸಿ ಮಾಡಿ ತಿಕ್ಕಿದರೆ ರಕ್ತಸ್ರಾವ ಜಾಸ್ತಿಯಾಗುತ್ತದೆ. ಕೆಲವರಿಗೆ ವಾರಗಳ ನಂತರ ಸ್ನಾಯುವಿನೊಳಗೇ ಮೂಳೆ ಬೆಳೆಯುತ್ತದೆ. ಹೌದು, ಮೂಳೆ. ತೊಡೆ ಕಲ್ಲಿನಂತೆ ಬಿಗಿದಿದೆಯಾ? ಪಾದ ಜೋಮು ಹಿಡಿದಿದೆಯಾ? ನೋವು ಏರುತ್ತಲೇ ಇದೆಯಾ? ಮೊದಲು ಇದಕ್ಕೆ ಉತ್ತರ ಕೊಡಿ. ಭಾನುವಾರದ ಆಟ ಮರೆತುಬಿಡಿ.

ಪಿಟಿ ಮೇಷ್ಟ್ರು: ಫಾರ್ವರ್ಡ್ ಬಂದಿದೆ: ಎಕ್ಕದ ಎಲೆ ಕಾಯಿಸಿ ಕಟ್ಟಿದರೆ ಮೂರೇ ದಿನಕ್ಕೆ ಬಾವು ಮಾಯ 🙏

ಫಿಸಿಯೋ: ಬಿಸಿ ಬೇಡ ಅಂತ ಈಗಷ್ಟೇ ಬರೆದೆ, ಸರ್. ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ಅದೊಂದು ಬೇರೆ ಕೇಸು.

ತೀರ್ಥಹಳ್ಳಿ: ನಮ್ಮಜ್ಜ ಅದನ್ನೇ ಕಟ್ಟಿಕೊಂಡು ಅಡಿಕೆ ಮರ ಹತ್ತುತ್ತಿದ್ದರು. ಈ ಯಂತ್ರ ಎಲ್ಲ ದುಡ್ಡು ಹೊಡೆಯೋಕೆ.

ಸಾಗರದ ಓಟಗಾರ: ನಿಮ್ಮಜ್ಜನ ತೊಡೆಗೆ ಯಾರಾದ್ರೂ ಮಂಡಿಯಲ್ಲಿ ಗುದ್ದಿದ್ರಾ?

ತೀರ್ಥಹಳ್ಳಿ: ಹಿರಿಯರ ಬಗ್ಗೆ ಮಾತಾಡುವಾಗ ನಾಲಿಗೆ ಹಿಡಿತದಲ್ಲಿರಲಿ.

ಭದ್ರಾವತಿ: ಇಎಂಜಿ ಅಂದರೂ ಇದೇ ಅಲ್ವಾ? ಯಂತ್ರ ಎಷ್ಟಕ್ಕೆ ಸಿಗುತ್ತೆ?

ಫಿಸಿಯೋ: ಅಲ್ಲ. ಇಎಂಜಿ ಸ್ನಾಯು ತಾನೇ ಹೊರಡಿಸುವ ವಿದ್ಯುತ್ತನ್ನು ದಾಖಲಿಸುತ್ತದೆ.

ಸೊರಬ: ನನಗೂ ಜಿಮ್ ಮಷೀನು ಕಡಿಮೆ ತೋರಿಸ್ತಿದೆ. ಅಪ್ಪನಿಗೆ ಪೇಸ್‌ಮೇಕರ್ ಇದೆ, ಅವರೂ ನಿಲ್ಲಬಹುದಾ?

ಫಿಸಿಯೋ: ಮೊದಲ ಉತ್ತರ ಓದಿ. ಅಪ್ಪ ನಿಲ್ಲುವುದು ಬೇಡ.

ಹೊಸನಗರದ ರೈಡರ್: ಮೇಡಂ, ಅಮ್ಮ ಕೇಳ್ತಿದ್ದಾರೆ, ಎಣ್ಣೆ ತಣ್ಣಗೇ ಹಚ್ಚಬಹುದಾ? ತಮ್ಮ ಕಾಲ್ಬೆರಳು ಸ್ವಲ್ಪ ಮರಗಟ್ಟಿದೆ ಅಂತಾನೆ.

ಫಿಸಿಯೋ: ಫೋನ್ ಇಡಿ, ಗಾಡಿ ತೆಗೀರಿ. ಹತ್ತಿರದ ಆಸ್ಪತ್ರೆಯಲ್ಲಿ ತೋರಿಸಿ. ಅವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ಹೋಗಿ ಅಂದರೆ ಬೆಳಗಾಗಲಿ ಅಂತ ಕಾಯಬೇಡಿ.

ಭದ್ರಾವತಿ: ಯಂತ್ರದ ರೇಟು ಯಾರೂ ಹೇಳಲೇ ಇಲ್ಲ?