ರ‍್ಯಾಗ್‌ಟೈಮ್: ಆರ್ಕೆಸ್ಟ್ರಾ ರೆಕಾರ್ಡಿಂಗ್ ಯಾವುದು ಕೇಳಲಿ?

ಪ್ರಶ್ನೆ: ರ‍್ಯಾಗ್‌ಟೈಮ್ (ಜಾಝ್‌ಗಿಂತ ಮುಂಚಿನ ಅಮೆರಿಕದ ಸಂಗೀತ ಶೈಲಿ) ರಚನೆಕಾರ ಸ್ಕಾಟ್ ಜಾಪ್ಲಿನ್‌ನ ‘ಮೇಪಲ್ ಲೀಫ್ ರ‍್ಯಾಗ್’ ಪಿಯಾನೋದಲ್ಲಿ ಬೇಕಾದಷ್ಟು ಕೇಳಿದ್ದೇನೆ. ಈ ಥರದ್ದನ್ನು ಆರ್ಕೆಸ್ಟ್ರಾ ನುಡಿಸಿರುವ ಒಳ್ಳೆಯ ರೆಕಾರ್ಡಿಂಗ್ ಇದೆಯಾ? ಸಿಂಫನಿಯ ಭಾರೀ ಸದ್ದು ಬೇಡ.

ಉತ್ತರ: ಗುಂಥರ್ ಶುಲರ್ ನಡೆಸಿದ ‘ದಿ ರೆಡ್ ಬ್ಯಾಕ್ ಬುಕ್’ ಆಲ್ಬಂ, 1973ರದ್ದು, ಕಣ್ಣು ಮುಚ್ಚಿಕೊಂಡು ಶುರು ಮಾಡಿ. ನುಡಿಸಿದ್ದು ಅಮೆರಿಕದ ಸಂಗೀತ ಕಾಲೇಜು ನ್ಯೂ ಇಂಗ್ಲೆಂಡ್ ಕನ್ಸರ್ವೇಟರಿಯ ವಿದ್ಯಾರ್ಥಿಗಳು, ಗ್ರ್ಯಾಮಿ ಕೂಡ ಬಂತು. ತಂಡ ಪುಟ್ಟದು, ಹಾಗಾಗಿ ಕ್ಲಾರಿನೆಟ್, ಟ್ರಂಪೆಟ್, ಪಿಟೀಲು ಒಂದರ ಮೇಲೊಂದು ಬೀಳದೆ ಬಿಡಿಬಿಡಿಯಾಗಿ ಕೇಳಿಸುತ್ತವೆ, ಪಿಯಾನೋದಲ್ಲಿ ಎಡಗೈ ಮಾಡುವ ತಾಳ ಹಿಡಿಯುವ ಕೆಲಸವನ್ನು ಕೆಳಸ್ಥಾಯಿಯ ವಾದ್ಯಗಳು ನೋಡಿಕೊಳ್ಳುತ್ತವೆ.

ಉತ್ತರ: ನನಗೆ ರಿಕ್ ಬೆಂಜಮಿನ್ ಅವರ ಪ್ಯಾರಗಾನ್ ರ‍್ಯಾಗ್‌ಟೈಮ್ ಆರ್ಕೆಸ್ಟ್ರಾನೇ ಜಾಸ್ತಿ ಇಷ್ಟ. ಬ್ಯಾಂಡ್ ಮಾಸ್ಟರ್ ಆರ್ಥರ್ ಪ್ರಯರ್ ಇಟ್ಟುಕೊಂಡಿದ್ದ ಹಳೇ ಸ್ವರಲಿಪಿಗಳು ಸಿಕ್ಕಿದ ಮೇಲೆ 1980ರ ದಶಕದಲ್ಲಿ ಕಟ್ಟಿದ ತಂಡ ಅದು.

ಉತ್ತರ: ಯಾವುದೇ ಆಗಲಿ, ವೇಗ ಗಮನಿಸಿ. ರ‍್ಯಾಗ್‌ಟೈಮನ್ನು ಓಡಿಸಬೇಡಿ ಅಂತ ಜಾಪ್ಲಿನ್‌ನ ಮುದ್ರಿತ ಪ್ರತಿಗಳಲ್ಲೇ ಇದೆ, ಆದರೂ ಸುಮ್ನೆ ಓಡಿಸುವವರೇ ಹೆಚ್ಚು ಅಲ್ವಾ?