ಅಪ್‌ಡೇಟ್: ಅವಳಿಯಲ್ಲಿ ಒಂದು ಮೋಲ್, ಇನ್ನೊಂದು ಆರೋಗ್ಯವಂತ ಭ್ರೂಣ

ಅವಳಿ ಬಸಿರಿನಲ್ಲಿ ಆರೋಗ್ಯವಂತ ಭ್ರೂಣದ ಜೊತೆಗೇ ಪೂರ್ಣ ಮೋಲ್ (ಭ್ರೂಣವಿಲ್ಲದೆ ಮಾಸಿನ ಅಂಗಾಂಶ ಮಾತ್ರ ಗುಳ್ಳೆಗಳಾಗಿ ಬೆಳೆಯುವ ಅಸಹಜ ಬಸಿರು) ಬೆಳೆಯುತ್ತಿದ್ದರೆ ಬಸಿರು ಮುಂದುವರಿಸಬಹುದೇ ಎಂದು ಕೇಳಿದ್ದೆ. ಮುಂದುವರಿಸಬಹುದು. ಆದರೆ ಅದು ಭಾಗಶಃ ಮೋಲ್ (ಭ್ರೂಣವೂ ಇದ್ದು, ಅದರದೇ ಮಾಸು ಅಸಹಜವಾಗಿರುವ ಬಸಿರು) ಅಲ್ಲ ಎಂಬುದು ಮೊದಲು ಖಚಿತವಾಗಬೇಕು. ಎಲ್ಲವೂ ನಿಂತಿರುವುದು ಇದರ ಮೇಲೆಯೇ. ಭಾಗಶಃ ಮೋಲ್‌ನಲ್ಲಿ ಸಾಮಾನ್ಯವಾಗಿ ಭ್ರೂಣಕ್ಕೇ 69 ವರ್ಣತಂತುಗಳಿರುತ್ತವೆ (ಸಹಜ ಸಂಖ್ಯೆ 46), ಅದು ಉಳಿಯುವುದಿಲ್ಲ. ಅವಳಿಯಾದರೆ ಸ್ಕ್ಯಾನ್‌ನಲ್ಲಿ ದ್ರಾಕ್ಷಿಗೊಂಚಲಿನಂಥ ಗುಳ್ಳೆಗಳಿಂದ ಪ್ರತ್ಯೇಕವಾಗಿ ಸಹಜ ಮಾಸು ಕಾಣುತ್ತದೆ, ಆಮ್ನಿಯೋಸೆಂಟೆಸಿಸ್‌ನಲ್ಲಿ (ಗರ್ಭದ ನೀರನ್ನು ಸೂಜಿಯಿಂದ ತೆಗೆದು ಮಾಡುವ ಪರೀಕ್ಷೆ) ಭ್ರೂಣದ ವರ್ಣತಂತುಗಳು 46 ಎಂದು ಬರುತ್ತದೆ. ಎಚ್‌ಸಿಜಿ (ಮಾಸು ಉತ್ಪಾದಿಸುವ ಬಸಿರಿನ ಹಾರ್ಮೋನ್) ಅಷ್ಟೇನೂ ಏರಿಲ್ಲವೆಂದರೆ ಮಾಸಿನ ಮೆಸೆಂಕೈಮಲ್ ಡಿಸ್‌ಪ್ಲೇಸಿಯಾ (ಸ್ಕ್ಯಾನ್‌ನಲ್ಲಿ ಮೋಲ್‌ನಂತೆಯೇ ಕಾಣುವ, ಆದರೆ ಮೋಲ್ ಅಲ್ಲದ ಮಾಸಿನ ದೋಷ) ಇರಬಹುದೇ ಎಂದೂ ನೋಡಬೇಕು.

2002ರಲ್ಲಿ ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಬಂದ 77 ಪ್ರಕರಣಗಳ ಬ್ರಿಟಿಷ್ ಅಧ್ಯಯನದಲ್ಲಿ, ಮುಂದುವರಿಸಿದವರ ಪೈಕಿ ಸುಮಾರು 40% ಮಂದಿಗೆ ಜೀವಂತ ಮಗು ಹುಟ್ಟಿತು. ಮುಂದುವರಿಸಿದ್ದರಿಂದ ಜಿಟಿಎನ್ ಗೆಡ್ಡೆಯ (ಮೋಲ್‌ನ ನಂತರ ಮಾಸಿನ ಕೋಶಗಳಿಂದ ಬೆಳೆಯಬಹುದಾದ ಗೆಡ್ಡೆ) ಅಪಾಯ ಹೆಚ್ಚಲಿಲ್ಲ. ನನ್ನ ದೊಡ್ಡ ಭಯ ಇದೇ ಆಗಿತ್ತು.

ನಿಜವಾದ ಅಪಾಯ ಬಸಿರಿನ ಅವಧಿಯಲ್ಲೇ ಇದೆ: ಭಾರೀ ರಕ್ತಸ್ರಾವ, ಬೇಗನೇ ಕಾಣಿಸಿಕೊಳ್ಳುವ ಪ್ರಿಎಕ್ಲಾಂಪ್ಸಿಯಾ (ಬಸಿರಿನಲ್ಲಿ ರಕ್ತದೊತ್ತಡ ಅಪಾಯಕಾರಿಯಾಗಿ ಏರುವ ಸ್ಥಿತಿ), ಅವಧಿಪೂರ್ವ ಹೆರಿಗೆ. ಎಚ್‌ಸಿಜಿ ಥೈರಾಯ್ಡನ್ನು ಕೆರಳಿಸುವುದರಿಂದ ಟಿಎಸ್‌ಎಚ್ (ಥೈರಾಯ್ಡ್‌ನ ರಕ್ತಪರೀಕ್ಷೆ) ಕೂಡ ಬೇಕು. ಇವು ಹತೋಟಿ ತಪ್ಪಿದರೆ ಬಸಿರು ಮುಂದುವರಿಸುತ್ತ ಕಾಯುವಂತಿಲ್ಲ.

ಹೆರಿಗೆಯ ನಂತರ ಮಾಸು, ಮೋಲ್ ಎರಡನ್ನೂ ಹಿಸ್ಟೊಪೆಥಾಲಜಿಗೆ (ಸೂಕ್ಷ್ಮದರ್ಶಕದಲ್ಲಿ ಅಂಗಾಂಶದ ಪರೀಕ್ಷೆ) ಕಳಿಸಬೇಕು. ಎಚ್‌ಸಿಜಿ ಸಹಜಕ್ಕೆ ಇಳಿಯುವವರೆಗೆ ವಾರವಾರ ಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ. ಎಷ್ಟು ತಿಂಗಳು ಎಂಬುದನ್ನು ವೈದ್ಯರು ಹೇಳುತ್ತಾರೆ. ಅಲ್ಲಿಯವರೆಗೆ ಗರ್ಭನಿರೋಧಕ ಕಡ್ಡಾಯ, ಏಕೆಂದರೆ ಹೊಸ ಬಸಿರಿನ ಎಚ್‌ಸಿಜಿ ಗೆಡ್ಡೆಯ ಸುಳಿವನ್ನು ಮುಚ್ಚಿಬಿಡುತ್ತದೆ.